ಮಗಳು ಇತಿಹಾಸವನ್ನೇ ಓದುತ್ತೇನೆ ಎನ್ನುತ್ತಾಳೆ: ವಿದ್ಯಾರ್ಥಿಗಳು ಈ ವಿಷಯವನ್ನು ಏಕೆ ಆರಿಸಿಕೊಳ್ಳುತ್ತಾರೆ?

ಪ್ರಶ್ನೆ: ಪಿಂಪ್ರಿ, ಪುಣೆಯಿಂದ

ಎಲ್ಲರಿಗೂ ನಮಸ್ಕಾರ. ನಾವು ಮೂಲತಃ ವಿಜಯಪುರ ಜಿಲ್ಲೆಯವರು. ಯಜಮಾನರ ನೌಕರಿಯ ನಿಮಿತ್ತ ಹದಿನೆಂಟು ವರ್ಷಗಳಿಂದ ಇಲ್ಲಿದ್ದೇವೆ. ನಮ್ಮ ಮಗಳು ಈ ವರ್ಷ ವಿಜ್ಞಾನ ವಿಭಾಗದಲ್ಲಿ ಹನ್ನೆರಡನೆಯ ತರಗತಿಯನ್ನು ಒಳ್ಳೆಯ ಅಂಕಗಳೊಂದಿಗೆ ಮುಗಿಸಿದ್ದಾಳೆ. ಇಂಜಿನಿಯರಿಂಗ್ ಪ್ರವೇಶದ ಅರ್ಜಿ ತುಂಬುವ ಹೊತ್ತಿಗೆ, ತಾನು ಇತಿಹಾಸದಲ್ಲಿ ಬಿ.ಎ. ಮಾಡುವುದಾಗಿ ಹೇಳಿದಳು. ಅವಳ ತಂದೆ ಎರಡು ದಿನ ಮಾತಾಡಲಿಲ್ಲ.

ಇದರ ಮೂಲ ನನ್ನ ತವರಿನಲ್ಲಿದೆ ಎಂದು ನನಗೆ ತೋರುತ್ತದೆ. ಸೊಲ್ಲಾಪುರ ಜಿಲ್ಲೆಯ ಆ ಊರಿನಲ್ಲಿ ಹನುಮಂತನ ಗುಡಿಯ ಹಿಂದೆ ಆಳೆತ್ತರದ ಕಲ್ಲೊಂದಿದೆ. ಮೇಲೆ ಸೂರ್ಯ ಚಂದ್ರರು, ನಡುವೆ ಲಿಂಗ, ಪಕ್ಕದಲ್ಲಿ ಹಸು ಮತ್ತು ಕರು, ಕೆಳಗೆ ಸಾಲು ಸಾಲು ಅಕ್ಷರ. ಊರಿನವರು ಅದಕ್ಕೆ ಎಣ್ಣೆ, ಕುಂಕುಮ ಹಚ್ಚಿ ಕೈಮುಗಿಯುತ್ತಾರೆ. ಕಳೆದ ದೀಪಾವಳಿಯ ರಜೆಯಲ್ಲಿ ಮಗಳು ಆ ಜಿಡ್ಡನ್ನು ಬೆರಳಿನಿಂದ ಒರೆಸಿ, “ಅಮ್ಮಾ, ಇದು ‘ಗ’, ಇದು ‘ನ’, ಇದು ಕನ್ನಡವೇ ಅಲ್ಲವೇ? ಮರಾಠಿ ಮಾತಾಡುವ ಊರಿನಲ್ಲಿ ಕನ್ನಡದ ಕಲ್ಲು ಏಕಿದೆ?” ಎಂದು ಕೇಳಿದಳು. ಅವಳಿಗೆ ಕನ್ನಡ ಅಕ್ಷರ ಕಲಿಸಿದವಳು ನಾನೇ. ಆದರೆ ನನಗೂ ಆ ಕಲ್ಲನ್ನು ಓದಲಾಗಲಿಲ್ಲ.

ಯಾವ ಕೆಲಸ ಸಿಗುತ್ತದೆ ಎಂಬುದನ್ನು ಬಂಧುಗಳು ಬೇಕಾದಷ್ಟು ಹೇಳಿದ್ದಾರೆ. ನಾನು ತಿಳಿಯಬಯಸುವುದು ಬೇರೆ: ಮಕ್ಕಳು ಈ ವಿಷಯಕ್ಕೆ ಏನನ್ನು ಅರಸಿ ಬರುತ್ತಾರೆ, ಆ ಆಸಕ್ತಿ ಮೂರು ವರ್ಷ ಉಳಿಯುತ್ತದೆಯೇ?

ಉತ್ತರ: ಮಾಟುಂಗಾ, ಮುಂಬೈಯಿಂದ

ಅಮ್ಮಾ, ನಾನು ಮುಂಬೈಯ ಕಾಲೇಜೊಂದರಲ್ಲಿ ಮೂವತ್ತು ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನು. ಬೇರೆಲ್ಲೂ ಸೀಟು ಸಿಗದೆ ಬಂದವರು ಪ್ರತಿ ವರ್ಷವೂ ಇರುತ್ತಿದ್ದರು. ಐಎಎಸ್ ಪರೀಕ್ಷೆಯಲ್ಲಿ ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಬರೆಯಲೆಂದು ಬಂದವರೂ ಇರುತ್ತಿದ್ದರು. 2011ರಲ್ಲಿ ಪೂರ್ವಭಾವಿ ಪರೀಕ್ಷೆಯಿಂದ ಐಚ್ಛಿಕ ವಿಷಯವನ್ನು ಕೈಬಿಟ್ಟ ಮೇಲೂ, 2013ರಲ್ಲಿ ಮುಖ್ಯ ಪರೀಕ್ಷೆಯ ಎರಡು ಐಚ್ಛಿಕ ವಿಷಯಗಳು ಒಂದಾದ ಮೇಲೂ ಅವರು ಬರುವುದು ನಿಲ್ಲಲಿಲ್ಲ. ನನ್ನ ಮನಸ್ಸಿನಲ್ಲಿ ಉಳಿದವರು ಮಾತ್ರ ನಿಮ್ಮ ಮಗಳಂತೆ ಕೈಗೆ ಸಿಕ್ಕ ಒಂದು ವಸ್ತುವನ್ನು ಹಿಡಿದು ಬಂದವರು.

ಒಮ್ಮೆ ಮೊದಲ ವರ್ಷದವರಿಗೆ, ಮನೆಯಲ್ಲಿರುವ ಅತಿ ಹಳೆಯ ಕಾಗದವನ್ನು ತಂದು ಅದರ ಬಗ್ಗೆ ಬರೆಯಿರಿ ಎಂದಿದ್ದೆ. ಉಡುಪಿಯ ಕಡೆಯ ಹುಡುಗನೊಬ್ಬ ತಂದೆಯ ಅಂಕಪಟ್ಟಿ ತಂದ. ತಂದೆ ಹನ್ನೊಂದನೆಯ ವಯಸ್ಸಿಗೆ ಒಬ್ಬನೇ ಮುಂಬೈಗೆ ಬಂದು, ಹಗಲು ಫೋರ್ಟಿನ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. ಅಂಕಪಟ್ಟಿಯಲ್ಲಿ ಪೋಷಕರ ರುಜು ಇರಬೇಕಾದ ಜಾಗದಲ್ಲಿ ಹೋಟೆಲಿನ ಧಣಿಗಳ ರುಜು ಇತ್ತು. “ಸರ್, ಇಂತಹ ಎಷ್ಟು ಹುಡುಗರಿದ್ದರು, ಇದು ಯಾವ ಪುಸ್ತಕದಲ್ಲಿದೆ?” ಎಂದು ಕೇಳಿದ. ಮುಂದೆ ಅವನು ಎಂ.ಎ. ಮಾಡಿದ, ರಾತ್ರಿಶಾಲೆಗಳ ಹಾಜರಿ ಪುಸ್ತಕಗಳನ್ನು ಹುಡುಕುತ್ತ ಊರೆಲ್ಲ ಅಲೆದ. ತನ್ನವರು ಪುಸ್ತಕದಲ್ಲಿಲ್ಲ ಎಂಬ ಅರಿವೇ ಅವನನ್ನು ಅಷ್ಟು ದೂರ ಕರೆದೊಯ್ದಿತು ಎಂದು ನಾನು ನಂಬಿದ್ದೇನೆ.

ಮಗಳಿಗೆ ಇಷ್ಟನ್ನು ಹೇಳಿರಿ. ಸೊಲ್ಲಾಪುರದ ಪ್ರದೇಶವು ಕಲ್ಯಾಣದ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು. ಅವರ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಅದೇ ಜಿಲ್ಲೆಯ ಹತ್ತರಸಂಗ ಕುಡಲದಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ, ಮರಾಠಿ ಶಾಸನವೂ ಸಿಕ್ಕಿದೆ. 1960ರಲ್ಲಿ ಮಹಾರಾಷ್ಟ್ರ ರಾಜ್ಯ ರೂಪುಗೊಂಡಾಗಿನ ಗಡಿಯನ್ನು ಆ ಕಾಲಕ್ಕೆ ಎಳೆಯಲಾಗದು. ನೀವು ವರ್ಣಿಸಿದ ಚಿತ್ರಗಳನ್ನು ನೋಡಿದರೆ ಅದು ಗುಡಿಗೆ ಭೂಮಿ ಬಿಟ್ಟುಕೊಟ್ಟ ದಾನಶಾಸನವಿರಬೇಕು. ಹಾಗಿದ್ದಲ್ಲಿ ಕೊನೆಯ ಸಾಲುಗಳಲ್ಲಿ, ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ ತಟ್ಟಲಿ ಎಂಬ ಶಾಪವನ್ನು ಹುಡುಕಲಿ.

ಉತ್ತರ: ಸದಾಶಿವ ಪೇಠ, ಪುಣೆಯಿಂದ

ನಾನು ಎಂ.ಎ. ಎರಡನೆಯ ವರ್ಷದ ವಿದ್ಯಾರ್ಥಿ, ಬೆಳಗಾವಿ ಜಿಲ್ಲೆಯವನು. ಗುರುಗಳು ಹೇಳಿದ ಮೊದಲ ಗುಂಪಿಗೆ ಸೇರಿದವನು ನಾನು: ಅಂಕ ಕಡಿಮೆ ಬಂದಿದ್ದರಿಂದ ಇತಿಹಾಸಕ್ಕೆ ಬಂದೆ. ಆದ್ದರಿಂದ ಆಸಕ್ತಿ ಮೊದಲೇ ಇರಬೇಕು ಎಂಬುದನ್ನು ನಾನು ಪೂರ್ತಿ ಒಪ್ಪಲಾರೆ. ನನ್ನಲ್ಲಿ ಅದು ಹುಟ್ಟಿದ್ದು, ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿ ಕಲಿತ ಮೇಲೆ. ಮೋಡಿಯಲ್ಲಿ ಮೊದಲು ಕಾಗದದ ಉದ್ದಕ್ಕೂ ತಲೆಗೆರೆ ಎಳೆದು, ಆಮೇಲೆ ಲೇಖನಿ ಆದಷ್ಟು ಎತ್ತದೆ ಅದರ ಕೆಳಗೆ ಅಕ್ಷರಗಳನ್ನು ಬರೆಯುತ್ತ ಹೋಗುತ್ತಾರೆ. ಒಂದು ಪದ ಎಲ್ಲಿ ಮುಗಿಯಿತು ಎಂಬುದೇ ಮೊದಲ ತಿಂಗಳು ತಿಳಿಯುವುದಿಲ್ಲ. ಓದಲು ಬಂದ ಮೇಲೆ ಊರಿನಿಂದ ನಮ್ಮ ಹೊಲದ ಹಳೆಯ ಕಾಗದವನ್ನು ತರಿಸಿದೆ. ಆ ಹೊಲ ನಮ್ಮ ಮುತ್ತಜ್ಜನಿಗೆ ಇನಾಮಾಗಿ ಬಂದದ್ದೆಂದು ಮನೆಯಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಿದ್ದರು. ಕಾಗದದಲ್ಲಿದ್ದದ್ದು ಅಡವು; ಸಾಲ ತೀರಿಸಲಾಗದ ಮತ್ತೊಬ್ಬ ರೈತನ ಹೊಲ ಅದು. ಅಜ್ಜಿಗೆ ಅದನ್ನು ಹೇಗೆ ಹೇಳಬೇಕೆಂದು ಒಂದು ವಾರ ಯೋಚಿಸಿದೆ. ಅಂದಿನಿಂದ ನನಗೆ ಈ ವಿಷಯವನ್ನು ಬಿಡಲು ಆಗಿಲ್ಲ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಮೊದಲ ವರ್ಷದಲ್ಲಿ ಅನೇಕ ಕಡೆ ನೋಟ್ಸ್ ಬರೆಸುವುದೇ ಪಾಠ. ಕಲ್ಲನ್ನು ಮುಟ್ಟುವ ಆಸೆಯಿಂದ ಬಂದವರಿಗೆ ಅಲ್ಲಿ ಬೇಸರವಾಗುತ್ತದೆ. ಮಗಳು ವಿಜ್ಞಾನದವಳಾದ್ದರಿಂದ ಇನ್ನೊಂದು ದಾರಿಯೂ ಇದೆ. ನಮ್ಮ ಡೆಕ್ಕನ್ ಕಾಲೇಜಿನಲ್ಲಿ ಪುರಾತತ್ತ್ವದ ಎಂ.ಎ.ಗೆ ಯಾವುದೇ ವಿಷಯದ ಪದವೀಧರರು ಸೇರಬಹುದು. ಪುಣೆ ಜಿಲ್ಲೆಯ ಇನಾಮಗಾಂವದಲ್ಲಿ ಆ ಸಂಸ್ಥೆಯವರು ಉತ್ಖನನ ನಡೆಸಿದಾಗ, ಸುಟ್ಟು ಕರಿಯಾದ ಧಾನ್ಯದ ಕಾಳುಗಳಿಂದ ಮೂರು ಸಾವಿರ ವರ್ಷಗಳ ಹಿಂದಿನ ರೈತರ ಊಟವನ್ನು ತಿಳಿದದ್ದು ಸಸ್ಯಶಾಸ್ತ್ರದ ಬಲದಿಂದ.

ಉತ್ತರ: ಪಣಜಿ, ಗೋವಾದಿಂದ

ಐಎಎಸ್‌ಗೆಂದು ಬಂದವರನ್ನು ಗುರುಗಳು ಒಂದೇ ಸಾಲಿನಲ್ಲಿ ದಾಟಿದ್ದು ನನಗೆ ಸರಿ ಕಾಣಲಿಲ್ಲ. ನಾನು ಹಾಗೆಯೇ ಬಂದವಳು. ಕುಂದಾಪುರದ ಕಡೆಯವಳಾದ ನನಗೆ, ಇಲ್ಲಿಯ ಪತ್ರಾಗಾರಕ್ಕೆ ಮೊದಲ ಸಲ ಹೋದಾಗ ನಮ್ಮ ಬಸ್ರೂರು ‘ಬಾರ್ಸೆಲೋರ್’ ಎಂಬ ಹೆಸರಿನಲ್ಲಿ ಎದುರಾಯಿತು. ಪೋರ್ಚುಗೀಸರ ಗೋವಾ ಉಣ್ಣುತ್ತಿದ್ದ ಅಕ್ಕಿಯಲ್ಲಿ ಬಹುಪಾಲು ನಮ್ಮ ಕರಾವಳಿಯದು. ಅದಕ್ಕಾಗಿಯೇ ಅವರು ಬಸ್ರೂರಿನಲ್ಲಿ ಕೋಟೆ ಕಟ್ಟಿದರು. ಆ ದಾಖಲೆಗಳಿಗಾಗಿ ಪೋರ್ಚುಗೀಸ್ ಕಲಿತೆ. ಸಂಬಳದ ವಿಷಯವನ್ನು ಮುಚ್ಚಿಡುವುದಿಲ್ಲ: ಕಾಲೇಜು ಉಪನ್ಯಾಸಕರ ಅರ್ಹತೆಯ ನೆಟ್ ಪರೀಕ್ಷೆ ಪಾಸಾದ ಮೇಲೂ ಆರು ವರ್ಷ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಅವಳ ತಂದೆಯ ಆತಂಕಕ್ಕೆ ಕಾರಣವಿದೆ. ಅದನ್ನು ಹಗುರವಾಗಿ ಎಣಿಸಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಯಜಮಾನರಿಗೆ ಓದಿ ಹೇಳಿದೆ. ಅಡವಿನ ಕಾಗದದ ಮಾತು ಬಂದಾಗ ಅವರು ಎದ್ದು ಹೋಗಿ, ಮಾವನವರು ಬಿಟ್ಟುಹೋದ ತಗಡಿನ ಟ್ರಂಕನ್ನು ಅಟ್ಟದಿಂದ ಇಳಿಸಿದರು. ಅದರಲ್ಲಿ ಮುಂಬೈ ಪ್ರಾಂತದ ಕಾಲದ ನಾಲ್ಕು ಕಾಗದಗಳಿವೆ, ಎರಡು ಮೋಡಿಯಲ್ಲಿವೆ. ಒಪ್ಪಿದ್ದೇನೆ ಎಂದು ಅವರು ಇನ್ನೂ ಹೇಳಿಲ್ಲ. ಅರ್ಜಿಗೆ ಒಂಬತ್ತು ದಿನ ಉಳಿದಿವೆ. ಸದಾಶಿವ ಪೇಠದವರೇ, ಹನ್ನೆರಡನೆಯ ತರಗತಿ ಮುಗಿಸಿದವರನ್ನು ಮೋಡಿ ತರಗತಿಗೆ ಸೇರಿಸಿಕೊಳ್ಳುತ್ತಾರೆಯೇ, ಜೊತೆಗೆ ತಂದೆಯೂ ಬಂದು ಕೂರಬಹುದೇ ಎಂದು ದಯವಿಟ್ಟು ತಿಳಿಸಿ.