ಚಂದ್ರಿಯ ಕುತ್ತಿಗೆ ಬಾವು ಮತ್ತು ಪುಣೆ ಬಳಗದ ಗುಂಪು

ದತ್ತು ಕಾಕಾ: (ಫಾರ್ವರ್ಡ್ ವಿಡಿಯೋ) ಎಚ್ಚರ!! ಲಸಿಕೆ ಹಾಕಿಸಿದ ಮರುದಿನವೇ ಕುದುರೆಯ ಕುತ್ತಿಗೆ ಊದಿದೆ. ಮೇವು ಬಿಟ್ಟು ನಿಂತಿದೆ. ಎಲ್ಲ ಗುಂಪುಗಳಿಗೂ ಕಳಿಸಿ.

ದತ್ತು ಕಾಕಾ: ನಾನು ಮೊದಲಿಂದಲೂ ಹೇಳುತ್ತಿದ್ದೇನೆ. ಯಾರು ಕೇಳ್ತೀರಿ?

ಸುಧೀರ: ಕಾಕಾ, ಇದು ಯಾವ ಊರಿಂದು? ಯಾವ ಲಸಿಕೆ? ಯಾವ ಡಾಕ್ಟರ್ ಹೇಳಿದ್ದು?

ದತ್ತು ಕಾಕಾ: ಕಣ್ಣಿಗೆ ಕಾಣ್ತಿಲ್ವಾ? ಕೊರೊನಾ ಸಮಯದಲ್ಲೂ ಎಲ್ಲರ ಎದುರು ನನ್ನನ್ನು ಹೀಗೇ ಕೇಳಿದ್ದೆ. ಮರೆತಿಲ್ಲ.

ಸುಮತಿ ಅತ್ತೆ: ಬೆಳಿಗ್ಗೆ ಬೆಳಿಗ್ಗೆ ಜಗಳ ಬೇಡ. ಸುಧೀರ, ಹಿರಿಯರಿಗೆ ಎದುರು ಮಾತಾಡಬಾರದು. ಮೂಕ ಪ್ರಾಣಿಯನ್ನು ನೋಯಿಸಿದ ಪಾಪ ಸುಮ್ನೆ ಬಿಡಲ್ಲ. ನಮ್ಮ ಅನಘಾಳ ಕುದುರೆಗೂ ಹಾಕಿಸಿದರಂತಲ್ಲ?

ಅನಘಾ: ಹೌದು ಅತ್ತೆ. ನಿನ್ನೆ ಚಂದ್ರಿಗೆ ಧನುರ್ವಾಯು ಲಸಿಕೆ ಹಾಕಿಸಿದೆ. ಅವಳ ಕುತ್ತಿಗೆಯೂ ಊದಿದೆ. ಮುಟ್ಟಿದರೆ ಚರ್ಮ ನಡುಗಿಸುತ್ತಾಳೆ. ಇಂದು ಬೆಳಿಗ್ಗೆ ನೆಲದ ಮೇಲಿನ ಹುಲ್ಲು ಮುಟ್ಟಲಿಲ್ಲ.

ದತ್ತು ಕಾಕಾ: ನೋಡಿದಿರಾ!!

ಅನಘಾ: ಕಾಕಾ, ಪೂರ್ತಿ ಕೇಳಿ. ಲಾಯದ ಹುಡುಗ ಹುಲ್ಲನ್ನು ಬಕೆಟ್‌ಗೆ ತುಂಬಿ ಅವಳ ಎದೆಮಟ್ಟಕ್ಕೆ ಕಟ್ಟಿದ. ತಕ್ಷಣ ಗಬಗಬ ತಿಂದಳು. ಹಸಿವು ಹೋಗಿರಲಿಲ್ಲ. ಕುತ್ತಿಗೆ ನೋವಿಗೆ ತಲೆ ಬಗ್ಗಿಸಲು ಆಗುತ್ತಿರಲಿಲ್ಲ, ಅಷ್ಟೇ. ನಿಮ್ಮ ವಿಡಿಯೋದಲ್ಲೂ ಹುಲ್ಲು ನೆಲದ ಮೇಲೇ ಇದೆ ನೋಡಿ.

ಪ್ರಕಾಶ ಮಾಮಾ: ಹುಲ್ಲು ಅಂದಕೂಡಲೇ ಪುಣೆ ಸ್ಟೇಷನ್ನಿನ ಟಾಂಗಾಗಳು ನೆನಪಾದವು. ಅಪ್ಪ ಧಾರವಾಡದಿಂದ ಬಂದರೆ ರಿಕ್ಷಾ ಹತ್ತುತ್ತಲೇ ಇರಲಿಲ್ಲ. ಕುದುರೆ ಕೊರಳಿಗೆ ಚೀಲ ಕಟ್ಟಿ ಕಡಲೆ ತಿನ್ನಿಸುತ್ತಿದ್ದರು. ದತ್ತು, ನೀನು ಮುಂದೆ ಕೂರಬೇಕು ಅಂತ ಅಳುತ್ತಿದ್ದೆ, ನೆನಪಿದೆಯಾ?

ದತ್ತು ಕಾಕಾ: ಅಳುತ್ತಿದ್ದದ್ದು ನೀನು.

ಸುಧೀರ: ಅನಘಾ, ಜ್ವರ ಇದೆಯಾ?

ಅನಘಾ: 38.6 ಇದೆ. ಕುದುರೆಗೆ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್ ಮಾಮೂಲು. ಸ್ವಲ್ಪ ಜ್ವರ, ಬಾವು, ಮಂಕಾಗಿರುವುದು ಹೆಚ್ಚಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಸವಾರಿ ನಿಲ್ಲಿಸಿದ್ದೇನೆ, ನಿಧಾನಕ್ಕೆ ನಡೆಸುತ್ತಿದ್ದೇವೆ. ಹೆದರಬೇಕಾದದ್ದು ಬೇರೆ ಇದೆ. ಚುಚ್ಚಿದ ಸ್ವಲ್ಪ ಹೊತ್ತಿಗೇ ಮೈತುಂಬ ಗಂಧೆ ಎದ್ದರೆ, ಮುಖ ಊದಿದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬಾರದು. ಅದು ಅಪರೂಪ. ಬಾವು ಇಳಿಯದೆ ಬಿಸಿಯಾಗಿ ಬೆಳೆಯುತ್ತಾ ಹೋದರೂ ಡಾಕ್ಟರನ್ನು ಕರೆಸಬೇಕು, ಒಳಗೆ ಕೀವು ಕಟ್ಟಿರಬಹುದು.

ಸುಮತಿ ಅತ್ತೆ: ಇಷ್ಟೆಲ್ಲ ಇದ್ದ ಮೇಲೆ ಯಾಕಮ್ಮ ಹಾಕಿಸಬೇಕು?

ಅನಘಾ: ಯಾಕೆಂದರೆ ಧನುರ್ವಾಯು ಬಂದರೆ ಕುದುರೆ ಉಳಿಯುವುದು ಕಷ್ಟ ಅತ್ತೆ. ಆ ರೋಗಾಣು ಮಣ್ಣಲ್ಲಿ, ಲದ್ದಿಯಲ್ಲಿ ಇರುತ್ತದೆ. ಗೊರಸಿಗೆ ಒಂದು ಮೊಳೆ ಚುಚ್ಚಿದರೂ ಸಾಕು. ದವಡೆ ಕಚ್ಚಿಕೊಂಡು, ಕಾಲು ಮರದಂತೆ ಸೆಟೆದು ಒದ್ದಾಡುತ್ತದೆ. ಅದರ ಮುಂದೆ ಈ ಬಾವು ಏನೂ ಅಲ್ಲ. ಮುಂದಿನ ಸಲ ಚುಚ್ಚುವ ಮೊದಲೇ ಡಾಕ್ಟರಿಗೆ ಇದನ್ನು ಹೇಳುತ್ತೇನೆ.

ಸುಧೀರ: ನಮ್ಮ ಹಡಪ್ಸರದಲ್ಲಿ ಲಸಿಕೆ ಮಾಡುವ ಸೀರಮ್ ಇನ್‌ಸ್ಟಿಟ್ಯೂಟ್ 1966ರಲ್ಲಿ ಶುರುವಾಗಿದ್ದೂ ಕುದುರೆಗಳಿಂದಲೇ. ಅದನ್ನು ಕಟ್ಟಿದವರದು ಕುದುರೆ ಸಾಕುವ ಮನೆತನ. ಆಗ ಧನುರ್ವಾಯುವಿನ ಔಷಧಿಯನ್ನೂ ಕುದುರೆಯ ರಕ್ತದಿಂದ ತೆಗೆಯುತ್ತಿದ್ದರು.

ಪ್ರಕಾಶ ಮಾಮಾ: ಹಡಪ್ಸರ ಆಗ ಬರೀ ಹೊಲ! ನಾವು ಸೈಕಲ್ ಮೇಲೆ ಕಬ್ಬಿನ ಹಾಲಿಗೆ ಹೋಗುತ್ತಿದ್ದೆವು.

ಅನಘಾ: ಕಾಕಾ, ದಯವಿಟ್ಟು ಆ ವಿಡಿಯೋ ಅಳಿಸಿ. ನಮ್ಮ ಲಾಯದಲ್ಲೇ ಇಬ್ಬರು ಅದನ್ನು ನೋಡಿ ಲಸಿಕೆ ಬೇಡ ಅನ್ನುತ್ತಿದ್ದಾರೆ. ಮಳೆಗಾಲ, ಎಲ್ಲೆಲ್ಲೂ ಕೆಸರು. ಆ ಕುದುರೆಗಳಿಗೆ ಏನಾದರೂ ಆದರೆ?

ದತ್ತು ಕಾಕಾ: ನೀನು ಕೇಳಿದ್ದಕ್ಕೆ ಅಳಿಸುತ್ತೇನೆ ಮಗಳೇ. ಸುಧೀರ ಹೇಳಿದ್ದಕ್ಕಲ್ಲ. ಗೃಹಪ್ರವೇಶದ ಪತ್ರಿಕೆಯಲ್ಲಿ ನನ್ನ ಹೆಸರು ಬಿಟ್ಟವನು ಅವನು.

ಸುಧೀರ: ಕಾಕಾ, ಪತ್ರಿಕೆ ಬರೆಸಿದ್ದು ಪ್ರಕಾಶ ಮಾಮಾ!

ಪ್ರಕಾಶ ಮಾಮಾ: ನನ್ನನ್ನು ಯಾಕೋ ಎಳೀತೀಯಾ?