ದೊಡ್ಡಪ್ಪ, ಕಾರು ಮಾರುವ ಮೊದಲು ಇದನ್ನೊಮ್ಮೆ ಓದಿ

ದೊಡ್ಡಪ್ಪ, ನಮಸ್ಕಾರ. ಪೆಟ್ರೋಲ್ ಬಾಟಲಿಗೆ ನೀರು ಸುರಿದು, ತಳದಲ್ಲಿ ಕಟ್ಟುವ ಪದರವನ್ನು ಬಂಕಿನವರ ಕಲಬೆರಕೆ ಎನ್ನುವ ಆ ವಿಡಿಯೊ ನೋಡಿ, ‘2008ರ ವ್ಯಾಗನ್ ಆರ್ ಮಾರಿಬಿಡಲೇ, ಈ ಎಥನಾಲ್ ಪೆಟ್ರೋಲ್ ಅದನ್ನು ಕೊಂದುಬಿಡುತ್ತದೆಯೇ’ ಎಂದು ಕೇಳಿದ್ದೀರಿ. ಮಾರಬೇಡಿ. ಆದರೆ ಏನೂ ಆಗುವುದಿಲ್ಲ ಎಂದು ಸುಮ್ಮನೆ ಕೂರುವುದೂ ಬೇಡ.

ಮೊದಲು ಆ ವಿಡಿಯೊ ಸಂಗತಿ. ಎಥನಾಲ್ ಅಂದರೆ ಕಬ್ಬು, ಧಾನ್ಯಗಳಿಂದ ತೆಗೆಯುವ ಮದ್ಯಸಾರ. ಅದಕ್ಕೆ ಪೆಟ್ರೋಲಿಗಿಂತ ನೀರಿನ ಮೇಲೆಯೇ ಒಲವು ಹೆಚ್ಚು. ನೀರು ಬಿದ್ದ ಕೂಡಲೇ ಅದು ಪೆಟ್ರೋಲನ್ನು ಬಿಟ್ಟು ನೀರಿನ ಜೊತೆ ತಳಕ್ಕೆ ಇಳಿಯುತ್ತದೆ. ಹಾಗಾಗಿ ಹಾಕಿದ ನೀರಿಗಿಂತ ತಳದ ಪದರ ದಪ್ಪವಾಗಿ ಕಾಣುತ್ತದೆ. ಅದು ಬಂಕಿನವರ ಕಲಬೆರಕೆಗೆ ಸಾಕ್ಷಿಯಲ್ಲ.

ಶೇ 20ರಷ್ಟು ಎಥನಾಲ್ ಬೆರೆಸಿದ ಈ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಅದಕ್ಕೆ ಒಗ್ಗುವ ಬಿಡಿಭಾಗಗಳು ಹೊಸ ಕಾರುಗಳಲ್ಲಿ ಬಂದದ್ದೂ ಅದೇ ವರ್ಷದ ಏಪ್ರಿಲ್‌ನಿಂದ. ನಿಮ್ಮ ಕಾರನ್ನು ಶೇ 20ರ ಲೆಕ್ಕ ಇಟ್ಟುಕೊಂಡು ಮಾಡಿದ್ದಲ್ಲ. ಎಂಜಿನ್ ಬಗ್ಗೆ ನನಗೆ ಅಷ್ಟು ಚಿಂತೆಯಿಲ್ಲ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಪೆಟ್ರೋಲ್ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಬೇಕಾಗುತ್ತದೆ. ನಿಮ್ಮದು ಫ್ಯುಯೆಲ್ ಇಂಜೆಕ್ಷನ್ ಗಾಡಿ, ಹೊಗೆ ಕೊಳವೆಯ ಸೆನ್ಸರ್ ನೋಡಿ ಅದು ತಾನೇ ಸರಿಹೊಂದಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಹಳೆಯ ಸಾಧನ) ಇರುವ ಮಾವನ ಹಳೆಯ ಮಾರುತಿ 800ಕ್ಕೆ ಆ ಬುದ್ಧಿಯಿಲ್ಲ. ಅದನ್ನು ಟ್ಯೂನ್ ಮಾಡಿಸಲೇಬೇಕು.

ಮೈಲೇಜ್ ಮಾತ್ರ ಇಳಿಯುತ್ತದೆ. ಒಂದು ಲೀಟರ್ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಳೆಯ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಹದಿನೈದು ಕೊಡುತ್ತಿದ್ದ ಗಾಡಿ ಹದಿನಾಲ್ಕು ಕೊಟ್ಟರೆ ಗಾಬರಿ ಬೇಡ. ಹತ್ತಕ್ಕೆ ಇಳಿದರೆ ದೋಷ ಬೇರೆಲ್ಲೋ ಇದೆ.

ನಿಜವಾದ ಅಪಾಯ ರಬ್ಬರಿನಲ್ಲಿದೆ, ದೊಡ್ಡಪ್ಪ. ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಕ್ರಮೇಣ ಬಿರುಕು ಬಿಡಿಸುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಬಾನೆಟ್ ಎತ್ತಿ, ಪೆಟ್ರೋಲ್ ಪೈಪನ್ನು ಬಾಗಿದ ಜಾಗದಲ್ಲಿ ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾಗಿ ಅಂಟಂಟಾಗಿದ್ದರೆ, ಸಣ್ಣ ಗೀರುಗಳು ಬಾಯಿ ಬಿಟ್ಟಿದ್ದರೆ, ಕ್ಲಿಪ್ಪಿನ ಸುತ್ತ ಒದ್ದೆ ಕಲೆ ಇದ್ದರೆ ಅದರ ಆಯುಸ್ಸು ಮುಗಿದಿದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಜಿನುಗಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಕಾರಿನೊಳಗೆ ಪೆಟ್ರೋಲ್ ವಾಸನೆ ಬಂದರೆ ದೊಡ್ಡಮ್ಮನನ್ನು ಕೂರಿಸಿಕೊಂಡು ಹೊರಡಬೇಡಿ, ದಯವಿಟ್ಟು. ಪೈಪ್, ಗ್ಯಾಸ್ಕೆಟ್, ಸೀಲ್‌ಗಳನ್ನು ಎಥನಾಲ್ ತಾಳುವಂಥವುಗಳಿಗೆ ಬದಲಾಯಿಸಿ. ಪೆಟ್ರೋಲ್ ಫಿಲ್ಟರನ್ನೂ ಜೊತೆಗೇ ಹೊಸದು ಹಾಕಿಸಿ, ಏಕೆಂದರೆ ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಕೊಳೆಯನ್ನು ಎಥನಾಲ್ ಕರಗಿಸಿ ಎಬ್ಬಿಸುತ್ತದೆ. ಇದಿಷ್ಟೂ ಒಂದು ದಿನದ ಕೆಲಸ. ಗ್ಯಾರೇಜಿನವರು ಬಾಟಲಿಯಲ್ಲಿ ಮಾರುವ ‘ಎಥನಾಲ್ ನಿವಾರಕ’ಕ್ಕೆ ಹಣ ಸುರಿಯಬೇಡಿ.

ಇನ್ನೊಂದು, ನಿಮ್ಮ ತೀರ್ಥಹಳ್ಳಿಯ ಮಳೆ. ಆಷಾಢದಲ್ಲಿ ಶೆಡ್ಡಿಗೆ ಸೇರಿದ ಕಾರು ಹೊರಬರುವುದು ಗೌರಿ ಹಬ್ಬಕ್ಕೇ ಅಲ್ಲವೇ? ಅರ್ಧ ಖಾಲಿ ಟ್ಯಾಂಕಿನೊಳಗಿನ ಗಾಳಿಯಲ್ಲಿರುವ ತೇವವನ್ನು ಎಥನಾಲ್ ಹೀರುತ್ತದೆ, ತಳದಲ್ಲಿ ನೀರು ನಿಂತರೆ ಕಬ್ಬಿಣದ ಟ್ಯಾಂಕ್ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ವಾರಕ್ಕೊಮ್ಮೆ ಪೇಟೆಯವರೆಗಾದರೂ ಓಡಿಸಿ. ಆಗದಿದ್ದರೆ ಟ್ಯಾಂಕ್ ತುಂಬಿಸಿ, ಮುಚ್ಚಳ ಬಿಗಿ ಮಾಡಿ ನಿಲ್ಲಿಸಿ.

ಎಥನಾಲ್ ಇಲ್ಲದ್ದೇ ಬೇಕೆಂದರೆ ದೊಡ್ಡ ಊರುಗಳ ಕೆಲವು ಬಂಕ್‌ಗಳಲ್ಲಿ 100 ಆಕ್ಟೇನ್ ಪೆಟ್ರೋಲ್ ಸಿಗುತ್ತದೆ, ಬೆಲೆ ಸುಮಾರು ಒಂದೂವರೆ ಪಟ್ಟು. ದಿನನಿತ್ಯಕ್ಕೆ ಅದು ಕೈಗೆಟುಕುವ ಮಾತಲ್ಲ. ಹಳೆಯ ಗಾಡಿಯವರಿಗೆ ಶೇ 10ರ ಪೆಟ್ರೋಲನ್ನಾದರೂ ಬಂಕಿನಲ್ಲಿ ಉಳಿಸಬೇಕಿತ್ತು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪೈಪಿನ ಖರ್ಚನ್ನು ನಿಮ್ಮಂಥ ಪಿಂಚಣಿದಾರರು ಕೈಯಿಂದ ಹಾಕುವುದು ನ್ಯಾಯವಲ್ಲ.

ಮೆಕ್ಯಾನಿಕ್ ಬಿಚ್ಚಿದ ಹಳೆಯ ಪೈಪನ್ನು ಎಸೆಯಲು ಬಿಡಬೇಡಿ. ಅದರ ಫೋಟೋ ಇಲ್ಲಿ ಹಾಕಿ, ಮಾವನೂ ನೋಡಲಿ.