ಏಳು ತಂತಿಯ ಗಿಟಾರ್: ಬ್ರಿಡ್ಜ್ ಪಿಕಪ್ ಕಿವಿಗೆ ಚುಚ್ಚುತ್ತಿದೆ, ಬದಲಿಗೆ ಯಾವುದನ್ನು ಹಾಕಿಸಲಿ?

ಮಂದ್ರತಂತಿ, ಮೂಡಿಗೆರೆ:
ಎಲ್ಲರಿಗೂ ನಮಸ್ಕಾರ. ನನ್ನ ಏಳು ತಂತಿಯ ಎಲೆಕ್ಟ್ರಿಕ್ ಗಿಟಾರಿನ ಬ್ರಿಡ್ಜ್ ಪಿಕಪ್ (ಬ್ರಿಡ್ಜಿನ ಪಕ್ಕದಲ್ಲಿದ್ದು ತಂತಿಗಳ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ವಿಪರೀತ ಬ್ರೈಟ್, ಅಂದರೆ ತೀಕ್ಷ್ಣವಾಗಿದೆ. ಸಣ್ಣ ತಂತಿಗಳನ್ನು ಮೀಟಿದರೆ ಸ್ವರಕ್ಕಿಂತ ಮೊದಲು ಪಿಕ್ಕಿನ ಸದ್ದು ಕೇಳಿಸುತ್ತದೆ. ಡಿಸ್ಟಾರ್ಷನ್ ಹಾಕಿದರಂತೂ ತಗಡು ಕೆರೆದಂತಾಗುತ್ತದೆ. ಟೋನ್ ಗುಂಡಿಯನ್ನು ಇಳಿಸಿದರೆ ಚುಚ್ಚುವುದು ನಿಲ್ಲುತ್ತದೆ, ಆದರೆ ಮಂದ್ರದ ಬಿ ತಂತಿಯ ಸ್ಪಷ್ಟತೆಯೂ ಅದರ ಜೊತೆಗೇ ಹೋಗುತ್ತದೆ. ಸಿರಾಮಿಕ್ ಆಯಸ್ಕಾಂತದ ಪಿಕಪ್ ಕೊಳ್ಳಬೇಕೋ, ಅಲ್ನಿಕೊ (ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆತ ಲೋಹ) ಆಯಸ್ಕಾಂತದ್ದನ್ನೋ ಎಂಬುದನ್ನಷ್ಟೇ ತಿಳಿಸಿ. ತಂತಿ ಬದಲಿಸಿ, ಸೆಟಪ್ ಮಾಡಿಸಿ ಎಂಬ ಉಪದೇಶವನ್ನು ಅಂಗಡಿಯವರಿಂದ ಬೇಕಾದಷ್ಟು ಕೇಳಿದ್ದೇನೆ.

ಬೆಸುಗೆಕಡ್ಡಿ, ಹಾಸನ:
ಪಿಕಪ್ಪಿಗೆ ಹಣ ಹಾಕುವ ಮೊದಲು ವಾಲ್ಯೂಮ್ ಪಾಟಿನ (ಗುಂಡಿಯ ಕೆಳಗಿನ ಹೊಂದಿಸಬಲ್ಲ ರೆಸಿಸ್ಟರ್) ಮೌಲ್ಯವನ್ನೂ ಕೇಬಲ್ಲಿನ ಉದ್ದವನ್ನೂ ನೋಡಿಕೊಳ್ಳಿ. ಪಿಕಪ್ ಸುರುಳಿಯ ಇಂಡಕ್ಟೆನ್ಸ್ 5 ಹೆನ್ರಿ, ಸುರುಳಿಯೊಳಗಿನ ಕೆಪಾಸಿಟೆನ್ಸ್ 100 ಪಿಕೊಫ್ಯಾರಡ್, ಕೇಬಲ್ಲಿನದು ಮೀಟರಿಗೆ ಇನ್ನೊಂದು 100 ಎಂದು ಇಟ್ಟುಕೊಳ್ಳೋಣ. 3 ಮೀಟರ್ ಕೇಬಲ್ಲಿನಲ್ಲಿ ಅನುರಣನದ ಶಿಖರ, ಅಂದರೆ ಪಿಕಪ್ ಅತಿ ಹೆಚ್ಚು ಎತ್ತಿ ಕೊಡುವ ಆವರ್ತನ, ಸುಮಾರು 3,500 ಹರ್ಟ್ಜ್‌ನಲ್ಲಿ ನಿಲ್ಲುತ್ತದೆ. ಕೇಬಲ್ 6 ಮೀಟರ್ ಆದರೆ ಅದು 2,700ರ ಹತ್ತಿರಕ್ಕೆ ಇಳಿಯುತ್ತದೆ. ಪಾಟಿನ ಮೌಲ್ಯ ಈ ಶಿಖರದ ಜಾಗವನ್ನಲ್ಲ, ಎತ್ತರವನ್ನು ಬದಲಿಸುತ್ತದೆ. ನಿಮ್ಮದು 500 ಕಿಲೊಓಮ್ ಪಾಟ್ ಆಗಿರಲೇಬೇಕು. ಅದರ ಎರಡು ಹೊರಕಾಲುಗಳ ನಡುವೆ 470 ಕಿಲೊಓಮ್ ರೆಸಿಸ್ಟರ್ ಒಂದನ್ನು ಬೆಸೆದರೆ ಒಟ್ಟು ಮೌಲ್ಯ 242ಕ್ಕೆ ಇಳಿದು, ಚುಚ್ಚುವ ಭಾಗ ತಾನಾಗಿಯೇ ತಗ್ಗುತ್ತದೆ. ಒಂದೆರಡು ರೂಪಾಯಿಯ ಕೆಲಸ ಇದು.

ಮಹಾಗನಿಪ್ರಿಯ, ಸಕಲೇಶಪುರ:
ರೆಸಿಸ್ಟರಿನಿಂದ ಮರ ಬದಲಾಗುವುದಿಲ್ಲ ಸ್ವಾಮಿ. ನೆಕ್ ಮೇಪಲ್, ಫ್ರೆಟ್‌ಬೋರ್ಡ್ ಕೂಡ ಮೇಪಲ್ ಆಗಿದ್ದರೆ ಯಾವ ಪಿಕಪ್ ಹಾಕಿದರೂ ಅದೇ ಗೋಳು. ಈ ಗಿಟಾರನ್ನು ಮಾರಿ ಮಹಾಗನಿ ಬಾಡಿಯ ಗಿಟಾರೊಂದನ್ನು ಕೊಳ್ಳುವುದು ಮೇಲು.

ಬೆಸುಗೆಕಡ್ಡಿ, ಹಾಸನ:
ಪಿಕಪ್ಪಿನ ಆಯಸ್ಕಾಂತ ಕ್ಷೇತ್ರದಲ್ಲಿ ಉಕ್ಕಿನ ತಂತಿ ಅಲುಗಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದರಲ್ಲಿ ಮರದ ಪಾತ್ರ ಎಷ್ಟೆಂಬ ಜಗಳ ಈ ಗುಂಪಿನಲ್ಲಿ ವರ್ಷಕ್ಕೊಮ್ಮೆ ಊರಹಬ್ಬದ ಹಾಗೆ ನಡೆಯುತ್ತಲೇ ಇದೆ. ಈ ಎಳೆಯಲ್ಲಾದರೂ ಅದು ಬೇಡ.

ಮಹಾಗನಿಪ್ರಿಯ, ಸಕಲೇಶಪುರ:
ಜಗಳ ತೆಗೆದವನು ನಾನಲ್ಲ. ಒಂದೇ ಪಿಕಪ್ಪನ್ನು ಎರಡು ಗಿಟಾರಿಗೆ ಹಾಕಿ ಕೇಳಿದವನು ನಾನು, ಲೆಕ್ಕ ಬರೆದವರು ತಾವು.

ಕಾಫಿಹೂವು, ಚಿಕ್ಕಮಗಳೂರು:
ಮಂದ್ರತಂತಿಯವರೇ, ಪಿಕಪ್ಪಿನ ಮೇಲೆ ತಿರುಪುಗಳ ಸಾಲು ಕಾಣುತ್ತದೆಯೇ ಅಥವಾ ಇಡೀ ಪಿಕಪ್ ಮುಚ್ಚಿದ ಪೆಟ್ಟಿಗೆಯಂತಿದೆಯೇ? ಸ್ಕೇಲ್, ಅಂದರೆ ಮಿಡಿಯುವ ತಂತಿಯ ಉದ್ದ, ಎಷ್ಟು ಇಂಚು? ಗಿಟಾರನ್ನು ಯಾವುದಕ್ಕೆ ಜೋಡಿಸಿ ನುಡಿಸುತ್ತೀರಿ? ಈ ಮೂರೂ ತಿಳಿಯದೆ ಪಿಕಪ್ಪಿನ ಹೆಸರು ಹೇಳಿದರೆ, ತಂದ ಮೇಲೆ ಅದು ಗಿಟಾರಿನ ಕುಳಿಯಲ್ಲೇ ಕೂರದೆ ಹೋಗಬಹುದು.

ಮಂದ್ರತಂತಿ, ಮೂಡಿಗೆರೆ:
ಕೇಳಿದ್ದು ಒಂದೇ ಪ್ರಶ್ನೆ, ಉತ್ತರ ಬಿಟ್ಟು ಮಿಕ್ಕಿದ್ದೆಲ್ಲ ಬಂತು. ಸ್ಕೇಲ್ 26.5 ಇಂಚು. ಪಿಕಪ್ ಮೇಲೆ ತಿರುಪುಗಳಿಲ್ಲ, ಎಲ್ಲರಿಗೂ ಗೊತ್ತಿರುವ ಕಪ್ಪು ಮುಚ್ಚಳದ್ದೇ. ಬೆಸುಗೆಕಡ್ಡಿಯವರು ಹೇಳಿದ ರೆಸಿಸ್ಟರನ್ನು ನಮ್ಮೂರಿನ ಟಿವಿ ರಿಪೇರಿಯವರಿಂದ ಹಾಕಿಸಿದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹೇಗೂ ಬಿಚ್ಚಿದ್ದೆವಲ್ಲ ಎಂದು ಬ್ಯಾಟರಿಯನ್ನೂ ಹೊಸದು ಹಾಕಿದೆ, ಆಗಲೂ ಹಾಗೆಯೇ.

ಬೆಸುಗೆಕಡ್ಡಿ, ಹಾಸನ:
ವ್ಯತ್ಯಾಸವೇ ಇಲ್ಲವೆಂದರೆ ಅದು ಡ್ರೈ ಸೋಲ್ಡರ್, ಸರಿಯಾಗಿ ಹಿಡಿಯದ ಬೆಸುಗೆ. ಬೆಸುಗೆ ಹೊಳೆಯದೆ ಮಂಕಾಗಿದ್ದರೆ ಮತ್ತೊಮ್ಮೆ ಕಾಯಿಸಿ ಹಾಕಿಸಿ. ಅಲ್ಲಿಯವರೆಗೆ 6 ಮೀಟರಿನ ಕೇಬಲ್ ಹಾಕಿ ನುಡಿಸಿ ನೋಡಿ.

ಕಾಫಿಹೂವು, ಚಿಕ್ಕಮಗಳೂರು:
ಬೆಸುಗೆಯಲ್ಲಿ ದೋಷವಿಲ್ಲ. ಗಿಟಾರಿನೊಳಗೆ ಬ್ಯಾಟರಿ ಇದೆ ಎಂದ ಮೇಲೆ ಇವು ಆಕ್ಟಿವ್ ಪಿಕಪ್ಪುಗಳು. ಈ ಮಾತು ಮೊದಲ ಸಂದೇಶದಲ್ಲೇ ಇರಬೇಕಿತ್ತು. ಆಕ್ಟಿವ್ ಪಿಕಪ್ಪಿನ ಸುರುಳಿಯಲ್ಲಿ ಸುತ್ತುಗಳು ಕಡಿಮೆ. ಅದರೊಳಗಿನ ಪ್ರಿಆಂಪ್ ಸಂಕೇತವನ್ನು ಹಿಗ್ಗಿಸಿ, ಕಡಿಮೆ ಇಂಪೀಡೆನ್ಸಿನಲ್ಲಿ (ವಿದ್ಯುತ್ತಿಗೆ ಒಡ್ಡುವ ಅಡ್ಡಿ) ಹೊರಗೆ ಕಳಿಸುತ್ತದೆ. ಹೀಗಾಗಿ ಕೇಬಲ್ 3 ಮೀಟರ್ ಇರಲಿ, 6 ಇರಲಿ, ಅದರ ಶಿಖರ ಅಲುಗುವುದಿಲ್ಲ. ಇವುಗಳ ಜೊತೆ ಬರುವ ಪಾಟ್ ಸಾಮಾನ್ಯವಾಗಿ 25 ಕಿಲೊಓಮಿನದು. ಅದರ ಹೊರಕಾಲುಗಳ ನಡುವೆ 470 ಬೆಸೆದರೆ 23.7 ಆಗುತ್ತದೆ, ಅಷ್ಟರಿಂದ ಕಿವಿಗೆ ಏನೂ ತಿಳಿಯದು.

ಈಗ ಆಯಸ್ಕಾಂತದ ಪ್ರಶ್ನೆಗೆ ಬರೋಣ. ಸಿರಾಮಿಕ್ ಆದೊಡನೆ ತೀಕ್ಷ್ಣ, ಅಲ್ನಿಕೊ ಆದೊಡನೆ ಮೃದು ಎಂಬುದು ಅರ್ಧ ಸತ್ಯ. ಎಷ್ಟು ಸುತ್ತು, ಎಷ್ಟು ಇಂಡಕ್ಟೆನ್ಸ್, ಶಿಖರ ಎಲ್ಲಿದೆ ಎಂಬುದೇ ಹೆಚ್ಚು ನಿರ್ಧರಿಸುತ್ತದೆ. ಡಬ್ಬಿಯ ಮೇಲೆ ಬರೆದಿರುವ ಡಿಸಿ ರೆಸಿಸ್ಟೆನ್ಸ್ ಮಾತ್ರ ನೋಡಿ ಕೊಳ್ಳಬೇಡಿ, ಸುತ್ತಿದ ತಂತಿ ಎಷ್ಟು ಉದ್ದ, ಎಷ್ಟು ಸಪೂರ ಎಂಬುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ. ಬ್ರೈಟ್ ಗಿಟಾರಿಗೆ ಅತಿ ಮಂದವಾದ ಪಿಕಪ್ ಹಾಕುವುದೂ ಸರಿಯಲ್ಲ: ಮಂದ್ರದ ಬಿ ತಂತಿಯ ಮೂಲಸ್ವರ 61.7 ಹರ್ಟ್ಜ್ ಇದ್ದು, ಅದು ಸ್ಪಷ್ಟವಾಗಿ ಕೇಳಿಸಬೇಕಾದರೆ ಮೇಲಿನ ಹಾರ್ಮೋನಿಕ್‌ಗಳು (ಮೂಲಸ್ವರದ ಜೊತೆ ಹೊಮ್ಮುವ ಎತ್ತರದ ಉಪಸ್ವರಗಳು) ಬೇಕೇ ಬೇಕು.

ಬ್ಯಾಟರಿ ಉಳಿಸಿಕೊಳ್ಳುವುದಾದರೆ, ಅದೇ ಅಳತೆಯ, ಅಲ್ನಿಕೊ ಆಯಸ್ಕಾಂತದ ಆಕ್ಟಿವ್ ಪಿಕಪ್ ಸುಲಭದ ದಾರಿ. ಇಎಂಜಿ ಕಂಪನಿಯ 707 ಆ ಬಗೆಯದು, ಅವರದೇ 81-7 ಸಿರಾಮಿಕ್. ಪ್ಯಾಸಿವ್, ಅಂದರೆ ಬ್ಯಾಟರಿ ಬೇಡದ್ದು, ಬೇಕೆಂದರೆ ಸೀಮರ್ ಡಂಕನ್ ಕಂಪನಿಯ ಪೆಗಾಸಸ್ ಅಲ್ನಿಕೊ 5ರದು, ನಜ್ಗುಲ್ ಸಿರಾಮಿಕ್ಕಿನದು. ಈ ಎರಡರಲ್ಲಿ ನಿಮಗೆ ಪೆಗಾಸಸ್ ಹೊಂದೀತು ಎಂಬುದು ನನ್ನ ಅಂದಾಜು. ಆದರೆ ಪ್ಯಾಸಿವ್‌ಗೆ ಹೋದರೆ ಪಾಟುಗಳನ್ನೆಲ್ಲ 500 ಕಿಲೊಓಮಿಗೆ ಬದಲಿಸಬೇಕು, ಮುಚ್ಚಿದ ಪೆಟ್ಟಿಗೆಯ ಅಳತೆಯಲ್ಲೇ ಸಿಗುವ ಪ್ಯಾಸಿವ್ ಮಾದರಿಯನ್ನು ಹುಡುಕಬೇಕು ಮತ್ತು ಬ್ರಿಡ್ಜಿಗೆ ಗ್ರೌಂಡ್ ತಂತಿ ಇದೆಯೇ ಎಂದು ನೋಡಬೇಕು, ಏಕೆಂದರೆ ಆಕ್ಟಿವ್ ಗಿಟಾರುಗಳಲ್ಲಿ ಅದನ್ನು ಹಲವೊಮ್ಮೆ ಹಾಕಿರುವುದೇ ಇಲ್ಲ.

ಮಹಾಗನಿಪ್ರಿಯ, ಸಕಲೇಶಪುರ:
ಆಕ್ಟಿವ್ ಎಂದರೆ ನನ್ನ ಎಂಟು ತಂತಿಯದನ್ನು ಕೇಳಬೇಕು. 27 ಇಂಚಿನ ಸ್ಕೇಲ್, ಮಹಾಗನಿ ಬಾಡಿ, ಎಫ್ ಶಾರ್ಪ್ ತಂತಿ 46 ಹರ್ಟ್ಜ್‌ನಲ್ಲಿ ಗುಡುಗುತ್ತದೆ. ತೋಟದ ಮನೆಯಲ್ಲಿ ಕರೆಂಟ್ ಹೋದರೂ ಜನರೇಟರ್ ಮೇಲೆ ಟ್ಯೂಬ್ ಆಂಪ್ ಓಡಿಸುತ್ತೇನೆ. ಎರಡು 9 ವೋಲ್ಟ್ ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 18 ವೋಲ್ಟ್ ಮಾಡಿಕೊಂಡಿದ್ದೇನೆ. ಜೋರಾಗಿ ಮೀಟಿದಾಗ ಪ್ರಿಆಂಪಿನ ಸದ್ದು ಒಡೆಯುವುದು ಅದರಿಂದ ಕಡಿಮೆಯಾಗುತ್ತದೆ. ನಿಮ್ಮ ಪಿಕಪ್ ಅಷ್ಟು ವೋಲ್ಟೇಜ್ ತಡೆಯುತ್ತದೆಂದು ಅದರ ಕಾಗದದಲ್ಲಿ ಬರೆದಿದ್ದರೆ ಮಾತ್ರ ಮಾಡಿ.

ಬೆಸುಗೆಕಡ್ಡಿ, ಹಾಸನ:
ಜನರೇಟರಿಗೆ ಸರಿಯಾದ ಅರ್ಥಿಂಗ್ ಇಲ್ಲದೆ ಟ್ಯೂಬ್ ಆಂಪ್ ಓಡಿಸುವುದು ಹೆಮ್ಮೆಯ ವಿಷಯವಲ್ಲ. ಮೊದಲೇ ಆಕ್ಟಿವ್ ಎಂದು ತಿಳಿಸಿದ್ದರೆ ನಾನೂ 25 ಕಿಲೊಓಮ್ ಪಾಟಿನ ಲೆಕ್ಕವನ್ನೇ ಕೊಡುತ್ತಿದ್ದೆ.

ಮಂದ್ರತಂತಿ, ಮೂಡಿಗೆರೆ:
ಪ್ಯಾಸಿವ್‌ಗೆ ಹೋಗಲು ಮನಸ್ಸಿದೆ. ಬ್ಯಾಟರಿಯ ಕಾಟ ತಪ್ಪುತ್ತದೆ. ಬ್ರಿಡ್ಜಿನ ಕಡೆಗೆ ಹೋಗುವ ತಂತಿ ಯಾವುದೂ ಒಳಗೆ ಕಾಣಲಿಲ್ಲ, ಬಾಡಿಯಲ್ಲಿ ರಂಧ್ರ ಕೊರೆಯಲು ರಿಪೇರಿಯವರು ಹಿಂಜರಿಯುತ್ತಿದ್ದಾರೆ.

ಕಾಫಿಹೂವು, ಚಿಕ್ಕಮಗಳೂರು:
ಕಣ್ಣಿಗೆ ಕಾಣದಿದ್ದ ಮಾತ್ರಕ್ಕೆ ಕೊರೆಯಬೇಕಾಗಿಲ್ಲ. ಮಲ್ಟಿಮೀಟರನ್ನು ಬೀಪ್ ಬರುವ ಸ್ಥಾನಕ್ಕಿಟ್ಟು, ಒಂದು ಕಡ್ಡಿಯನ್ನು ಬ್ರಿಡ್ಜಿನ ಲೋಹಕ್ಕೂ ಇನ್ನೊಂದನ್ನು ಜಾಕಿನ ಹೊರಕವಚಕ್ಕೂ ಮುಟ್ಟಿಸಿ. ಸದ್ದು ಬಂದರೆ ಗ್ರೌಂಡ್ ಇದೆ. ಇನ್ನು ನನ್ನ ಮೂರನೆಯ ಪ್ರಶ್ನೆಗೆ ಉತ್ತರ ಬಂದಿಲ್ಲ. ಕಂಪ್ಯೂಟರಿಗೆ ನೇರವಾಗಿ ಜೋಡಿಸಿ ಹೆಡ್‌ಫೋನಿನಲ್ಲಿ ಕೇಳುತ್ತಿದ್ದೀರಾ, ಹಾಗಿದ್ದರೆ ಕ್ಯಾಬಿನೆಟ್ ಸಿಮ್ಯುಲೇಷನ್ (ಗಿಟಾರ್ ಸ್ಪೀಕರ್ ಪೆಟ್ಟಿಗೆಯ ದನಿಯ ಅನುಕರಣೆ) ಚಾಲೂ ಇದೆಯೇ? ಗಿಟಾರಿನ ಸ್ಪೀಕರ್ ಸುಮಾರು 5,000 ಹರ್ಟ್ಜ್ ದಾಟಿದ ಮೇಲೆ ಸದ್ದನ್ನು ಕಡಿದಾಗಿ ಇಳಿಸುತ್ತದೆ, ಹೆಡ್‌ಫೋನ್ ಇಳಿಸುವುದಿಲ್ಲ. ಇದನ್ನು ಹೇಳುವವರೆಗೆ ಪೆಗಾಸಸ್ಸಿಗೆ ಆರ್ಡರ್ ಹಾಕಬೇಡಿ.